ಏಣಿಯ ಬುಡಕ್ಕೊಂದು ಕಾಗದ

ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಬುಡನಿಗೆ ತುದಿಯಣ್ಣನ ನೆನಪುಗಳು.

ಈ ಕೆಳಗೆ ಸಹಿ ಮಾಡುವ ನಾನು, ವಯಸ್ಸು ಐವತ್ತಾರು, ವೃತ್ತಿಯಿಂದ ಬೋರ್ಡು ಬರೆಯುವವನು, ಪ್ರವೃತ್ತಿಯಿಂದ ಬೋರು ಹೊಡೆಸುವವನು, ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ, ನಾನು ಕಳ್ಳತನ ಮಾಡಿದ್ದೇನೆ. ಸ್ಥಳ: ಆಸ್ಪತ್ರೆಯ ವ್ಯಾಯಾಮದ ಕೋಣೆ. ಸಮಯ: ಕಳೆದ ಗುರುವಾರ, ಹಾಡಹಗಲು. ಸಾಕ್ಷಿಗಳು: ಒಬ್ಬ ಮಂಡಿನೋವಿನವರು, ಇಬ್ಬರು ಬೆನ್ನುನೋವಿನವರು. ಮಾಲು: ಮೊಣಕೈ ಎಷ್ಟು ಮಡಚುತ್ತದೆ ಎಂದು ಅಳೆಯುವ ಪ್ಲಾಸ್ಟಿಕ್ ಪಟ್ಟಿ. ಶಾಲೆಯಲ್ಲಿ ನಾವು ಬಳಸುತ್ತಿದ್ದ ಕೋನಮಾಪಕಕ್ಕೆ ಎರಡು ತೋಳು ಮೊಳೆತ ಹಾಗಿದೆ. ನನ್ನ ಬಲಗೈ ಈಗ ಸದಾ ಮಡಚಿಕೊಂಡೇ ಇರುವುದರಿಂದ ಅದರ ಮೇಲೆ ಟವಲು ಇಳಿಬಿಟ್ಟುಕೊಂಡು ಓಡಾಡುತ್ತೇನೆ. ಆ ಟವಲಿನ ಕೆಳಗೆ ಪಟ್ಟಿ ಹೊರಗೆ ಬಂತು. ಕೈ ಕೆಟ್ಟ ಮೇಲೆ ಕೈಚಳಕ ಬಂದದ್ದು ನೋಡು.

ತಪ್ಪೊಪ್ಪಿಗೆ ಆಯಿತು, ಇನ್ನು ಕ್ಷಮಾಪಣೆ. ನಿನ್ನ ಕಾರ್ಡು ಬಂದು ಮೂರು ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಕಾರಣ ನಿನ್ನ ಕಣ್ಣೆದುರಿಗೇ ಇದೆ. ಇವು ನನ್ನ ಎಡಗೈ ಅಕ್ಷರಗಳು. ಎಂಟು ತಿಂಗಳಿಂದ ಒಂದನೇ ಕ್ಲಾಸಿನಲ್ಲೇ ಕೂತಿರುವ ಎಡವಟ್ಟು ಕೈ. ಬೀದಿಯ ಅರ್ಧ ಅಂಗಡಿಗಳಿಗೆ ಹೆಸರಿಟ್ಟವನ ಅಕ್ಷರಗಳು ಮದುವೆ ಮನೆಯಿಂದ ಹೊರಬಿದ್ದ ಕುಡುಕರ ಹಾಗೆ ಒಂದರ ಮೇಲೊಂದು ವಾಲಿವೆ. ಆದರೂ ಹೆಮ್ಮೆಯ ವಿಷಯ ಒಂದಿದೆ. ಈಗ ಒಂದೇ ಕೈಯಲ್ಲಿ ಅಂಗಿಯ ಗುಂಡಿ ಹಾಕುತ್ತೇನೆ, ಬೂಟಿನ ದಾರ ಕಟ್ಟುತ್ತೇನೆ, ಕಾಗದವನ್ನು ಗಲ್ಲದಲ್ಲಿ ಒತ್ತಿ ಹಿಡಿದು ಲಕೋಟೆ ಅಂಟಿಸುತ್ತೇನೆ. ಯಾರ ಸಹಾಯವೂ ಬೇಡ. ನಿನ್ನ ಅತ್ತಿಗೆಯನ್ನೇ ಕೇಳು.

ಕಾರ್ಡು ಅವಳ ಹೆಸರಿಗೆ ಬಂದಿತ್ತು, ನನ್ನ ಹೆಸರಿಗಲ್ಲ. ಅವಳು ಗಟ್ಟಿಯಾಗಿ ಓದಿದಳು. "ಅತ್ತಿಗೆ, ಅಣ್ಣನ ಕೈ ಹೇಗಿದೆ. ನಾನು ಇಲ್ಲಿ ಗೋದಾಮಿನಲ್ಲಿ ಕೂತು ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತೇನೆ. ಇನ್ನು ನನ್ನ ಕೈಗೆ ಯಾರೂ ಏಣಿ ಕೊಡಬಾರದು. ಆವತ್ತು ಹೇಳಿಯೇ ಹೋದೆ ಅಂತ ನನಗೆ ನೆನಪು. ಆದರೆ ಅಣ್ಣ ಸುಳ್ಳು ಹೇಳುವವನಲ್ಲ. ನಾನೇ ಹೇಳಿರಲಿಕ್ಕಿಲ್ಲ." ಓದಿ ಕಾರ್ಡನ್ನು ಕನ್ನಡಿಯ ಸಂದಿಗೆ ಸಿಕ್ಕಿಸಿದಳು. ಪ್ರತಿದಿನ ಎಡಗೈಯಲ್ಲಿ ತಲೆ ಬಾಚುವಾಗ ಅದು ನನ್ನ ಕಿವಿಯ ಪಕ್ಕಕ್ಕೇ ಇರುತ್ತದೆ.

ಈ ಕಾಗದದ ಉದ್ದೇಶ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಮಾತಿಗೆ ಬುಡವೂ ಇರುವುದಿಲ್ಲ, ತುದಿಯೂ ಇರುವುದಿಲ್ಲ. ಬರುವ ತಿಂಗಳು ಐದಕ್ಕೆ ನನ್ನ ಮೊಣಕೈಗೆ ಎರಡನೇ ಆಪರೇಷನ್. ಅದಕ್ಕೆ ನೀನು ಬರಬೇಕು. ಯಾಕೆ ನೀನೇ ಎಂದು ಕೇಳಬೇಡ, ಹೇಳುತ್ತೇನೆ.

ಮೊದಲನೆಯದು ಆದಾಗ ನೀನು ಇನ್ನೂ ಇಲ್ಲೇ ಇದ್ದೆ. ಏಣಿಯಿಂದ ಬಿದ್ದ ಏಟಿಗೆ ಮೊಣಕೈಯ ಗುಬುಟು ಮೂರು ಚೂರಾಗಿತ್ತಲ್ಲ, ಅದನ್ನು ಎರಡು ಸರಳು ಚುಚ್ಚಿ, ಮೇಲೆ ತಂತಿ ಬಿಗಿದು ಕಟ್ಟಿದರು. ನಾವು ಅಂಗಡಿ ಬೋರ್ಡನ್ನು ಕಂಬಕ್ಕೆ ಕಟ್ಟುವ ಹಾಗೆಯೇ. "ಚೆನ್ನಾಗಿ ಕೂತಿದೆ" ಎಂದರು ಡಾಕ್ಟರು. ಕೂತಿತು, ಸರಿ. ಆಮೇಲೆ ಏಳಲೇ ಇಲ್ಲ. ಬ್ಯಾಂಡೇಜು ಬಿಚ್ಚಿದ ದಿನ ನೋಡಿದರೆ ಕೈ ಎಲ್ಲಿಟ್ಟರೋ ಅಲ್ಲೇ. ಮಡಚುವುದೂ ಇಲ್ಲ, ಚಾಚುವುದೂ ಇಲ್ಲ. ವ್ಯಾಯಾಮದ ಹುಡುಗಿ, ಬಹಳ ತಾಳ್ಮೆಯವಳು, "ದಿನಾ ಸ್ವಲ್ಪ ಸ್ವಲ್ಪ ಅಂಕಲ್. ನೋವಾದ್ರೆ ಅಲ್ಲಿಗೇ ನಿಲ್ಲಿಸಿ. ಜಬರ್ದಸ್ತಿ ಮಾಡಬೇಡಿ" ಎಂದಳು.

ನನಗೂ ತಾಳ್ಮೆಗೂ ಆಗಿಬರುವುದಿಲ್ಲ ಎಂದು ನಿನಗೆ ಗೊತ್ತು. ಮನೆಗೆ ಬಂದೆ. ಹಿತ್ತಲಿನ ಚಪ್ಪರದಲ್ಲಿ ನಮ್ಮ ಬಣ್ಣದ ಡಬ್ಬಗಳು ಸಾಲಾಗಿದ್ದವು. ಸೊಟ್ಟಗಾದ ಹಲಗೆಯನ್ನು ನಾವು ಏನು ಮಾಡುತ್ತಿದ್ದೆವು? ಎರಡು ಕಲ್ಲಿನ ಮೇಲಿಟ್ಟು ಭಾರ ಹೇರುತ್ತಿದ್ದೆವು, ಒಂದು ವಾರದಲ್ಲಿ ನೆಟ್ಟಗಾಗುತ್ತಿತ್ತು. ಅದೇ ಶಾಸ್ತ್ರ ಎಂದುಕೊಂಡೆ. ಬಿಳಿ ಪೇಂಟಿನ ಡಬ್ಬದ ಹಿಡಿಯನ್ನು ಮುಂಗೈಗೆ ತೂಗುಹಾಕಿಕೊಂಡು ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ನಿಂತೆ. ಎರಡನೇ ವಾರ ಅದಕ್ಕೆ ಕೆಂಪು ಡಬ್ಬವನ್ನೂ ಸೇರಿಸಿದೆ. ಮೊಣಕೈ ಊದಿ ಬಿಸಿಯಾಯಿತು. ಕೆಲಸ ನಡೆಯುತ್ತಿದೆ, ಅದಕ್ಕೇ ಬಿಸಿ ಎಂದು ಸಂತೋಷಪಟ್ಟೆ.

ಕೆಲಸ ನಿಜವಾಗಿಯೂ ನಡೆಯುತ್ತಿತ್ತು. ಒಳಗೆ ಮಾಂಸದಲ್ಲಿ ಮೂಳೆ ಬೆಳೆಯುತ್ತಿತ್ತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಮೊಣಕೈಯ ಮುಂದೆ, ಇರಬಾರದ ಜಾಗದಲ್ಲಿ, ಮೋಡದ ತುಂಡಿನಂಥ ಬಿಳುಪು. "ಏನು ಮಾಡಿದಿರಿ?" ಎಂದರು. ಡಬ್ಬದ ಕಥೆ ಹೇಳಿದೆ. "ಎಷ್ಟು ಲೀಟರು?" ಎಂದರು. "ಬಿಳಿ ನಾಲ್ಕು, ಕೆಂಪು ಎರಡು" ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಂಥ ಏಟಿಗೆ ಕೆಲವರಲ್ಲಿ ತಾನಾಗಿಯೂ ಬೆಳೆಯುತ್ತೆ. ನೀವು ಅದಕ್ಕೆ ಗೊಬ್ಬರ ಹಾಕಿದಿರಿ" ಎಂದರು.

ಅಷ್ಟಕ್ಕೇ ಮುಗಿದಿಲ್ಲ. ಒಳಗೆ ಕಟ್ಟಿದ ತಂತಿಯ ತುದಿ ಸಡಿಲವಾಗಿ ಚರ್ಮದ ಕೆಳಗೆ ಎದ್ದು ನಿಂತಿದೆ. ಮೂವತ್ತು ವರ್ಷ ಅಕ್ಷರಗಳಿಗೆ ಕೊಂಬು ಕೊಟ್ಟೆನಲ್ಲ, ಈಗ ನನಗೇ ಒಂದು ಕೊಂಬು ಬಂದಿದೆ. ಮೇಜಿಗೆ ತಗುಲಿದರೆ ಕಣ್ಣಲ್ಲಿ ನೀರು. ಅದರ ಪಕ್ಕದಲ್ಲೇ ಹಾಯುವ ನರ ಸಿಕ್ಕಿಹಾಕಿಕೊಂಡು ಕಿರುಬೆರಳು, ಅದರ ಪಕ್ಕದ ಬೆರಳಿನ ಅರ್ಧ, ಎರಡೂ ಜೋಮು ಹಿಡಿದಿವೆ. ನರಕ ಎಂಬ ಮಾತು ನರದಿಂದಲೇ ಹುಟ್ಟಿರಬೇಕು ಎಂದು ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ. ಬೇರೆಯವರ ನರಕ್ಕೆ ನಗುವ ಡಾಕ್ಟರಾದರೆ ನಾನೂ ಅವರ ಹತ್ತಿರ ಹೋಗುತ್ತಿರಲಿಲ್ಲ, ಬಿಡು.

ಆ ಕಿರುಬೆರಳಿನ ವಿಷಯ ನಿನಗೆ ಮಾತ್ರ ಅರ್ಥವಾದೀತು. ಕುಂಚ ಹಿಡಿದಾಗ ಗೋಡೆಗೆ ಊರುವ ಬೆರಳು ಅದೇ ತಾನೆ. ಇಡೀ ಕೈ ನಿಲ್ಲುವುದು ಅದರ ಮೇಲೆ. ಮೊನ್ನೆ ಸುಮ್ಮನೆ ಅಡುಗೆಮನೆಯ ಗೋಡೆಗೆ ಊರಿ ನೋಡಿದೆ. ಬೆರಳು ಗೋಡೆಯ ಮೇಲಿದೆ, ಕಣ್ಣಿಗೆ ಕಾಣುತ್ತಿದೆ. ಆದರೆ ಅಲ್ಲಿ ಗೋಡೆ ಇಲ್ಲ. ಕೈ ಗಾಳಿಯಲ್ಲಿ ನಿಂತ ಹಾಗೆ. ಆವತ್ತು ಏಣಿಯ ಮೇಲೆ ಆದ ಹಾಗೇ. ನೆಲದ ಮೇಲೆ ಗಟ್ಟಿಯಾಗಿ ನಿಂತವನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಏಣಿ ಹಿತ್ತಲಿನ ಗೋಡೆಗೆ ಒರಗಿದೆ, ನೀನು ತಂದು ನಿಲ್ಲಿಸಿ ಹೋದ ಹಾಗೇ. ಗಾಳಿ ಬೀಸಿದರೆ ಕೆಳಗಿನ ಮೆಟ್ಟಿಲು ಕಿರ್ರೆನ್ನುತ್ತದೆ. ನೀನು ಅದರ ಮೇಲೆ ಪಾದ ಊರಿದಾಗ ಬರುತ್ತಿದ್ದ ಸದ್ದು. ನಾನು ಮನೆಯೊಳಗೆ ಕೂತಲ್ಲೇ "ಹೂಂ?" ಎನ್ನುತ್ತೇನೆ. ಏಣಿಯ ತುದಿಯವನು "ಹೂಂ?" ಎಂದರೆ ಬುಡ ಹಿಡಿದವನು "ಇದ್ದೀನಿ" ಎನ್ನಬೇಕು, ಅದು ನಮ್ಮ ರೂಢಿ. ನಿನ್ನ ಅತ್ತಿಗೆ ಕೇಳುತ್ತಾಳೆ, "ಯಾರಿಗೆ ಹೂಂ ಅಂದ್ರಿ?" ನಾನು ಕೆಮ್ಮಿದೆ ಎನ್ನುತ್ತೇನೆ. ಅವಳು ಕೆಮ್ಮಿಗೆ ಕಷಾಯ ಕೊಡುತ್ತಾಳೆ. ಈ ತಿಂಗಳು ನಾಲ್ಕು ಸಲ ಕುಡಿದೆ.

ಕದ್ದ ಪಟ್ಟಿಯನ್ನು ಮನೆಗೆ ತಂದು ಮೊದಲು ಮೊಣಕೈ ಅಳೆದೆ. ನೆಟ್ಟಗೆ ಚಾಚಿದ ಕೈಗೆ ಸೊನ್ನೆ ಲೆಕ್ಕ. ನನ್ನದು ಇಳಿಬಿಟ್ಟಾಗ ಎಪ್ಪತ್ತೈದು ಡಿಗ್ರಿ, ಎಷ್ಟು ಮಡಚಿದರೂ ತೊಂಬತ್ತೈದು. ಬಾಯಿಯವರೆಗೆ ಬರಲು ನೂರಮೂವತ್ತು ಬೇಕಂತೆ. ಆಮೇಲೆ ಯಾಕೋ ಹಿತ್ತಲಿಗೆ ಹೋಗಿ ಏಣಿಯ ಬುಡಕ್ಕೆ ಕೂತು, ಪಟ್ಟಿಯ ಒಂದು ತೋಳನ್ನು ನೆಲಕ್ಕೆ, ಇನ್ನೊಂದನ್ನು ಏಣಿಯ ಕಾಲಿಗೆ ಹಿಡಿದೆ. ಎಪ್ಪತ್ತೈದು. ನೀನು ಕಣ್ಣಳತೆಯಲ್ಲೇ ಇಡುತ್ತಿದ್ದ ಕೋನ. ಎರಡು ಸಲ ಅಳೆದೆ. ಹಾಗಾದರೆ ಆ ಏಣಿ ಎಂಟು ತಿಂಗಳಿಂದ ಹಿತ್ತಲಿನಲ್ಲಿಲ್ಲ, ನನ್ನ ತೋಳಿನೊಳಗೇ ಒರಗಿ ನಿಂತಿದೆ.

ಊಟಕ್ಕೆ ಕರೆಯುತ್ತಿದ್ದಾಳೆ. ಉಳಿದದ್ದು ಆಮೇಲೆ.

ಹದಿನೆಂಟು, ಶನಿವಾರ ಬೆಳಿಗ್ಗೆ

ಆಮೇಲೆ ಎಂದದ್ದು ನಾಲ್ಕು ದಿನವಾಯಿತು. ಗುರುವಾರ ಆಸ್ಪತ್ರೆಗೆ ಹೋಗಿದ್ದೆ. ವ್ಯಾಯಾಮದ ಹುಡುಗಿ ಹೊಸ ಪಟ್ಟಿ ಹಿಡಿದು ನಿಂತಿದ್ದಳು.

"ಈ ವಾರ ಎಷ್ಟು ಬಂತು ಅಂಕಲ್?"

"ನೂರಹತ್ತು" ಎಂದೆ ರಾಜಗಾಂಭೀರ್ಯದಿಂದ.

ಅವಳು ಅಳೆದಳು. "ತೊಂಬತ್ತೈದೇ ಇದೆ."

"ಮನೆಯಲ್ಲಿ ಜಾಸ್ತಿ ಬರುತ್ತೆ. ಇಲ್ಲಿ ಅದಕ್ಕೆ ನಾಚಿಕೆ."

"ನಮ್ಮ ಹಳೇ ಪಟ್ಟಿನ ವಾಪಸ್ ಕೊಡಿ ಅಂಕಲ್. ಅದನ್ನ ಬಗ್ಗಿಸಿದೀರಾ ಅನ್ಸುತ್ತೆ." ಮುಖದಲ್ಲಿ ನಗು ಇಲ್ಲದೆ ಹೇಳಿದಳು. "ಟವಲ್ ಕೆಳಗಿಟ್ಟು ಒಯ್ದಿದ್ದು ನೋಡಿದ್ದೆ. ಮನೇಲಿ ಅಳ್ಕೊಂಡರೆ ಉತ್ಸಾಹ ಬರುತ್ತೆ ಅಂತ ಸುಮ್ಮನಿದ್ದೆ. ಸುಳ್ಳು ಅಳತೆ ಯಾಕೆ? ನಾನೇನು ಬಯ್ತೀನಾ?"

ನಿಜಕ್ಕೂ ಬಗ್ಗಿಸಿದ್ದೆ, ಬುಡ. ಕೈ ಬಗ್ಗದಿದ್ದರೆ ಪಟ್ಟಿಯಾದರೂ ಬಗ್ಗಲಿ ಎಂದು.

ಆಮೇಲೆ ಅವಳು ಎಂದಿನಂತೆ ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಮಡಚಿ, ಹತ್ತು ಎಣಿಸಿದಳು. ಹತ್ತಾದ ಮೇಲೆ ಅವಳು ಪ್ರತಿ ಸಲವೂ ಒಂದು ಮಾತು ಹೇಳುತ್ತಾಳೆ, "ಬಿಡ್ತೀನಿ ಅಂಕಲ್" ಎಂದು. ಒಳ್ಳೆಯ ಅಭ್ಯಾಸ. ಹೇಳದೆ ಬಿಟ್ಟರೆ ಕೈ ಝಾಡಿಸಿದ ಹಾಗಾಗುತ್ತದೆ. ಆದರೆ ಆ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಅಂಗಿಯ ಬೆನ್ನು ಒದ್ದೆಯಾಗುತ್ತದೆ, ಎಡಗೈ ತಾನಾಗಿ ಮಂಚದ ಅಂಚು ಹಿಡಿಯುತ್ತದೆ. "ಇದೇನು ಅಂಕಲ್, ಮಡಚುವಾಗ ಸುಮ್ಮನಿರ್ತೀರಿ, ಬಿಡುವಾಗ ಹೆದರ್ತೀರಿ. ಎಲ್ಲರೂ ಉಲ್ಟಾ" ಎಂದಳು. ಅವಳಿಗೆ ನಮ್ಮ ಕಟ್ಟಳೆ ವಿವರಿಸಿದೆ. ಕೆಳಗಿನವನು ಏಣಿ ಬಿಟ್ಟು ಹೋಗಬೇಕಾದರೆ "ಬಿಡ್ತೀನಿ" ಎನ್ನಬೇಕು. ಮೇಲಿನವನು ಕುಂಚ ನಿಲ್ಲಿಸಿ, ಎರಡೂ ಕೈಯಲ್ಲಿ ಮೆಟ್ಟಿಲು ಹಿಡಿದು "ಬಿಡು" ಎನ್ನಬೇಕು. ಆಗ ಮಾತ್ರ ಬಿಡಬಹುದು. ಈ ಶಾಸನ ಬರೆದವನು ನಾನೇ, ಎರಡು ವರ್ಷ ಕಾಲೇಜಿಗೆ ಹೋದದ್ದರ ಏಕೈಕ ಫಲ. "ಆವತ್ತು ನನ್ನ ಹುಡುಗ ಅದನ್ನು ಹೇಳದೆ ಹೋದ. ಅದಕ್ಕೇ ಆ ಮಾತು ಕೇಳಿದರೆ ಹೀಗೆ" ಎಂದೆ.

"ಹೇಳದೆ ಹೋದ್ರೆ, ಆ ಮಾತು ಕೇಳಿದಾಗ ಯಾಕೆ ಹೆದರಿಕೆ?" ಎಂದಳು. ಮುಂದಿನ ರೋಗಿ ಕಾಯುತ್ತಿದ್ದರು. ನಾನು ಟವಲು ಹಾಕಿಕೊಂಡು ಹೊರಟೆ.

ಬರುವ ದಾರಿಯಲ್ಲಿ ಗಡಿಯಾರದ ಅಂಗಡಿ. ಅಲ್ಲೇ ನಾನು ಬಿದ್ದದ್ದು, ಅಲ್ಲೇ ನಮ್ಮ ಕೊನೆಯ ಬೋರ್ಡು. ಗೋಡೆಯ ಮೇಲೆ ಇನ್ನೂ "ಗಡಿಯಾರ ರಿಪೇ" ಎಂದೇ ಇದೆ. ಕೊನೆಯ ಅಕ್ಷರವನ್ನು ಬೇರೆಯವರಿಂದ ಬರೆಸಲು ಅಂಗಡಿಯ ಮುದುಕರು ಒಪ್ಪಿಲ್ಲ. ರಿಪೇ ಎಂದರೇನು ಎಂದು ಯಾರಾದರೂ ಕೇಳಿದರೆ, "ಉಳಿದದ್ದು ರಿಪೇರಿಯಲ್ಲಿದೆ" ಎನ್ನುತ್ತಾರಂತೆ. ನಾನು ಬೀಳುವಾಗ ನನ್ನ ಕುಂಚ ಗೋಡೆಯ ಮೇಲೆ ಎಳೆದ ನೀಲಿ ಗೆರೆಯನ್ನೂ ಅವರು ಅಳಿಸಿಲ್ಲ. ಬರೆಯಬೇಕಿದ್ದ ಅಕ್ಷರದ ಜಾಗದಿಂದ ಹೊರಟು ಕಾಲುದಾರಿಯವರೆಗೆ ಇಳಿದಿದೆ. ಬಿಸಿಲಿಗೂ ಮಾಸಿಲ್ಲ. ಒಳ್ಳೆಯ ಬಣ್ಣ, ನೀನೇ ಆರಿಸಿದ್ದು.

ಮುದುಕರು ಹೊರಗೆ ಬಂದು ನನ್ನ ಪಕ್ಕ ನಿಂತರು. ಹಣೆಯ ಮೇಲೆ ಭೂತಗನ್ನಡಿ ಹಾಗೇ ಇತ್ತು.

"ಏಣಿ ಕಾಲಿನ ಗುರುತು ಅಲ್ಲಿದೆ ನೋಡಿ, ನೆಲದಲ್ಲಿ. ಗೆರೆ ಶುರುವಾಗಿರೋದು ಇಲ್ಲಿ. ನಡುವೆ ನಾಲ್ಕು ಅಡಿ ಇದೆ. ನಿಮ್ಮ ಕೈ ಅಷ್ಟು ಉದ್ದ ಇತ್ತಾ?"

"ಆಗ ಇತ್ತು. ಈಗ ಮಡಚಿಟ್ಟಿದ್ದೀನಿ" ಎಂದೆ.

ಅವರು ನಕ್ಕರು. ಆಮೇಲೆ ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿಕೊಂಡು ಗೆರೆಯನ್ನೇ ನೋಡುತ್ತ ನಿಂತರು. ನನ್ನ ಕಡೆ ನೋಡಲಿಲ್ಲ. ಜೀವಮಾನವಿಡೀ ಸಣ್ಣ ಮುಳ್ಳುಗಳನ್ನು ನೋಡಿದವರ ಕಣ್ಣು, ನಮ್ಮ ಕಡೆ ತಿರುಗದಿದ್ದರೇ ಹೆಚ್ಚು ಕಷ್ಟ.

ಈಗ ಕೆಲಸದ ಮಾತು. ಎರಡನೇ ಆಪರೇಷನ್ನಿನಲ್ಲಿ ತಂತಿ ತೆಗೆಯುತ್ತಾರೆ, ಬೆಳೆದ ಮೂಳೆ ಕೆತ್ತುತ್ತಾರೆ, ನರವನ್ನು ಬಿಡಿಸಿ ಬೇರೆ ದಾರಿಯಲ್ಲಿ ಮಲಗಿಸುತ್ತಾರೆ. "ಬೆರಳಿಗೆ ಜೀವ ಬರುತ್ತೆ ಅಂತ ಮಾತು ಕೊಡೋಕಾಗಲ್ಲ. ಕೈ ಮಡಚೋದು ಮಾತ್ರ ನಿಮ್ಮ ಕೈಯಲ್ಲೇ ಇದೆ" ಎಂದರು ಡಾಕ್ಟರು. ಅವರಿಗೆ ತಾವು ಜೋಕು ಮಾಡಿದ್ದು ಗೊತ್ತಾಗಲಿಲ್ಲ. ಮಾರನೇ ದಿನದಿಂದಲೇ ಆರು ವಾರ, ದಿನಕ್ಕೆ ಐದು ಸಲ ಯಾರಾದರೂ ಮೆತ್ತಗೆ ಮಡಚಿ ಬಿಡಿಸಬೇಕು. "ನಿಮ್ಮೊಬ್ಬರ ಕೈಗೇ ಬಿಟ್ಟರೆ ಮತ್ತೆ ಡಬ್ಬ ನೇತುಹಾಕ್ತೀರಿ. ನೀವು ಸಾಕು ಅಂದ ತಕ್ಷಣ ನಿಲ್ಲಿಸೋ ಮನುಷ್ಯ ಬೇಕು. ಇದು ತಪ್ಪಿದರೆ ಮೂರನೇ ಆಪರೇಷನ್ ನಾನು ಮಾಡಲ್ಲ. ಕೈ ಹೀಗೇ ಉಳಿಯುತ್ತೆ."

ನಿನ್ನ ಅತ್ತಿಗೆ ಒಮ್ಮೆ ಪ್ರಯತ್ನಪಟ್ಟಳು. ನನ್ನ ಮುಖ ನೋಡಲಾಗದೆ ಕಣ್ಣು ಮುಚ್ಚಿಕೊಂಡು ಮಡಚಿದಳು. ಕಣ್ಣು ಮುಚ್ಚಿದವರ ಕೈಗೆ ಕೈ ಕೊಡುವಷ್ಟು ಧೈರ್ಯ ನನಗಿಲ್ಲ. ನಾನು "ಹೂಂ" ಎನ್ನುವ ಮೊದಲೇ ನಾನು ಏನನ್ನುತ್ತೇನೆ ಎಂದು ತಿಳಿಯುವವನು ಈ ಲೋಕದಲ್ಲಿ ಒಬ್ಬನೇ. ಅವನು ಗೋದಾಮಿನಲ್ಲಿ ಚೀಟಿ ಅಂಟಿಸುತ್ತಿದ್ದಾನೆ.

ನನ್ನ ಮನಸ್ಸಿನಲ್ಲಿ ಏನೂ ಇಲ್ಲ, ಬುಡ. ಹೇಳದೆ ಹೋದೆ ಎಂದು ನಿನ್ನ ಮೇಲೆ ನನಗೆ ಕೋಪವಿಲ್ಲ. ನಿನ್ನನ್ನು ಯಾವತ್ತೋ ಕ್ಷಮಿಸಿದ್ದೇನೆ. ಬೀದಿಯವರೆಲ್ಲರಿಗೂ ಹೇಳಿದ್ದೇನೆ, ಪಾಪ, ಒಂದು ಸಲ ಮರೆತ, ಮನುಷ್ಯ ತಾನೆ ಎಂದು. "ನಿಮ್ಮದು ದೊಡ್ಡ ಮನಸ್ಸು" ಎನ್ನುತ್ತಾರೆ. ದೊಡ್ಡದೇ ಇರಬೇಕು, ಇಷ್ಟು ಮೂಳೆ ಬೆಳೆದರೂ ಜಾಗ ಉಳಿದಿದೆ.

ನಾಲ್ಕನೇ ತಾರೀಖಿಗೆ ಬಾ. ಹಿತ್ತಲಿನ ಕೋಣೆ ಗುಡಿಸಿಟ್ಟಿದ್ದಾಳೆ. ಊಟದ ಹೊತ್ತಿಗೆ ಊಟ ಮಾಡು, ಗೋದಾಮಿನ ದೂಳು ಕುಡಿಯಬೇಡ, ಬೆನ್ನು ಬಗ್ಗಿಸಿ ಕೂರಬೇಡ. ನಿನ್ನ ಎರಡೂ ಕೈ ನೂರು ವರ್ಷ ಪೂರ್ತಿ ಮಡಚಲಿ, ಪೂರ್ತಿ ಚಾಚಲಿ. ನನ್ನಂಥವನಿಗೆ ಇದಕ್ಕಿಂತ ದೊಡ್ಡ ಹರಕೆ ತಿಳಿಯದು.

ನಿನ್ನ
ತುದಿಯಣ್ಣ

ಮರೆತದ್ದು: ಸಹಿಯ ಕೆಳಗೆ ಹೀಗೆ ಬರೆಯುವುದು ವಾಡಿಕೆ. ಆದರೆ ಇದು ಮರೆತದ್ದಲ್ಲ.

ಗೆರೆ ಏಣಿಯಿಂದ ನಾಲ್ಕು ಅಡಿ ದೂರ ಯಾಕಿದೆ ಎಂದರೆ, ನಾನು ಅಷ್ಟು ದೂರ ಬಾಗಿದ್ದೆ. ಉಳಿದಿದ್ದದ್ದು ಒಂದೇ ಅಕ್ಷರ. ಕೆಳಗಿಳಿದು, ಏಣಿ ಸರಿಸಿ, ಮತ್ತೆ ಹತ್ತಬೇಕಿತ್ತು. ಸೋಮಾರಿತನ. ಕಾಲುದಾರಿಯಲ್ಲಿ ನಾಲ್ಕು ಜನ ನಿಂತು ನೋಡುತ್ತಿದ್ದರು ಎಂಬ ಜಂಬವೂ ಇತ್ತು. ನೀನು ಕೆಳಗಿನಿಂದ "ಅಣ್ಣ, ನೀಲಿ ಮುಗೀತು, ಇನ್ನೊಂದು ಡಬ್ಬ ತರ್ತೀನಿ. ಬಿಡ್ತೀನಿ" ಅಂದೆ. ನನಗೆ ಕೇಳಿಸಿತು. ಕುಂಚ ನಿಲ್ಲಿಸಲಿಲ್ಲ, ಮೆಟ್ಟಿಲು ಹಿಡಿಯಲಿಲ್ಲ. "ಬಿಡು" ಅಂದೆ. ನೀನು ನನ್ನ ಮಾತು ನಂಬಿ ಬಿಟ್ಟೆ. ನಾನು ಬಾಗಿದೆ.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ನಿನ್ನ ಅತ್ತಿಗೆ ಕೇಳಿದ ಮೊದಲ ಮಾತು, "ಅವನೆಲ್ಲಿದ್ದ?" ಎಂದು. ನಾನು "ಹೇಳದೆ ಹೋಗಿದ್ದ" ಅಂದುಬಿಟ್ಟೆ. ಎಲ್ಲರನ್ನೂ ನಗಿಸುವವನು ತಾನೇ ನಗೆಪಾಟಲಾಗುವುದನ್ನು ತಡೆಯಲಾರ. ನಾಳೆ ಸರಿಪಡಿಸೋಣ ಎಂದುಕೊಂಡೆ. ಮಾರನೇ ದಿನ ನೀನು ಬಾಗಿಲಲ್ಲಿ ನಿಂತು, "ಅಣ್ಣ, ನೀನು ಬಿಡು ಅಂದಿದ್ದೆ ಅಲ್ವಾ?" ಅಂದೆ. ನಾನು ಔಷಧಿಯ ಮಂಪರಿನಲ್ಲಿರುವವನ ಹಾಗೆ ಕಣ್ಣು ಮುಚ್ಚಿದೆ. ನನಗೆ ಪೂರ್ತಿ ಎಚ್ಚರವಿತ್ತು. ನಿನ್ನ ಚಪ್ಪಲಿಯ ಸದ್ದು ವರಾಂಡದ ಕೊನೆಯವರೆಗೂ ಕೇಳಿಸಿತು.

ನೀನು ಹೇಳಿದ್ದೆ, ಬುಡ. ನಿನ್ನ ನೆನಪು ಸರಿ. ಕ್ಷಮಿಸಿದ್ದೇನೆ ಎಂದು ಮೇಲೆ ಬರೆದದ್ದನ್ನು ಹೊಡೆದು ಹಾಕಿಕೊಂಡು ಓದು. ಇಷ್ಟಾದ ಮೇಲೆ ನೀನು ಬರದಿದ್ದರೂ ಸರಿಯೇ.

ನಿನ್ನ ಅತ್ತಿಗೆಗೆ ಇದನ್ನು ಬಾಯಲ್ಲಿ ಹೇಳಲು ಐದು ಸಲ ಹೊರಟೆ. ಐದು ಸಲವೂ ಜೋಕು ಹೇಳಿ ಎದ್ದು ಬಂದೆ. ಅಂಚೆಪೆಟ್ಟಿಗೆಗೆ ಹೋಗುವವಳು ಅವಳೇ. ಲಕೋಟೆಯನ್ನು ತೆರೆದೇ ಅವಳ ಕೈಗೆ ಕೊಡುತ್ತಿದ್ದೇನೆ. "ಒಂದು ಕೈಯಲ್ಲಿ ಅಂಟಿಸೋಕೆ ಬರೋದಿಲ್ಲ, ನೀನೇ ಅಂಟಿಸು. ಬೇಕಾದರೆ ಮೊದಲು ಓದು" ಎನ್ನಬೇಕೆಂದಿದ್ದೇನೆ.